ಬಾಡಿಗೆ ಸ್ವತ್ತುಗಳ ಖರೀದಿಗೆ ಸಾಲ: ಕೊತ್ತತ್ತಿ ಹೋಬಳಿಯ ವರ್ತಕರು ಮೊದಲೇ ಹಾಕಬೇಕಾದ ಲೆಕ್ಕ

ವ್ಯಾಪಾರದಲ್ಲಿ ಉಳಿದ ಹಣವನ್ನು ನಮ್ಮ ಜಿಲ್ಲೆಯ ವರ್ತಕರು ಬಹುಕಾಲದಿಂದ ಚಿನ್ನ, ಗದ್ದೆ ಮತ್ತು ನಿವೇಶನಗಳಲ್ಲಿ ತೊಡಗಿಸುತ್ತ ಬಂದಿದ್ದಾರೆ. ಈ ಪಟ್ಟಿಗೆ ಬಾಡಿಗೆ ಸ್ವತ್ತೂ ಸೇರಿದೆ. ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಹೋಬಳಿಯಲ್ಲಿ ತೂಬಿನಕೆರೆ ಕೈಗಾರಿಕಾ ಪ್ರದೇಶವಿದೆ. ಕಾರ್ಮಿಕರಿಗೆ ಸಾಲುಮನೆಗಳು, ರಸ್ತೆ ಬದಿಯಲ್ಲಿ ನಾಲ್ಕಾರು ಮಳಿಗೆಗಳು, ಒಂದು ಗೋದಾಮು ಇದ್ದರೆ ತಿಂಗಳು ತಿಂಗಳು ನಿಶ್ಚಿತ ಆದಾಯ ಬರುವುದೆಂಬ ಆಲೋಚನೆ ಇಲ್ಲಿ ಸಹಜವಾದುದೇ. ಒಂದೇ ಸ್ವತ್ತಿಗೆ ನಿಲ್ಲದೆ, ಮೊದಲನೆಯದರ ಆಧಾರದ ಮೇಲೆ ಎರಡನೆಯದು, ಎರಡನೆಯದರ ಆಧಾರದ ಮೇಲೆ ಮೂರನೆಯದು ಎಂದು ಸಾಲ ಪಡೆದು ಕೊಳ್ಳುವವರೂ ಉಂಟು.

ಇಂಥ ಖರೀದಿಗೆ ಹಣ ಹೊಂದಿಸುವ ಕ್ರಮವು ವಾಸಕ್ಕೆಂದು ಮನೆ ಕೊಳ್ಳುವ ಕ್ರಮಕ್ಕಿಂತ ಭಿನ್ನವಾದುದು. ಈ ಭೇದವನ್ನು ಅರಿಯದೆ ಮುಂಗಡ ಕೊಟ್ಟವರು ಕಂತು ತುಂಬಲು ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೈಹಾಕಬೇಕಾಗುತ್ತದೆ. ಆದುದರಿಂದ ಸ್ವತ್ತಿನ ಬೆಲೆ ಎಷ್ಟು, ಬ್ಯಾಂಕು ಎಷ್ಟು ಸಾಲ ಕೊಡುತ್ತದೆ ಎಂಬ ಪ್ರಶ್ನೆಗಳಿಗಿಂತ ಮೊದಲು, ಸ್ವತ್ತಿನ ಬಾಡಿಗೆ ಎಷ್ಟು ಸಾಲವನ್ನು ಹೊರಬಲ್ಲದು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಅವಶ್ಯ.

ಬ್ಯಾಂಕಿನ ದೃಷ್ಟಿಯಲ್ಲಿ ಈ ಸಾಲ

ವ್ಯಕ್ತಿಯೊಬ್ಬರು ಪಡೆಯುವ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕು ಮಿತಿ ಗೊತ್ತುಪಡಿಸಿದೆ. 30 ಲಕ್ಷ ರೂ.ವರೆಗಿನ ಸಾಲವಾದರೆ ಸ್ವತ್ತಿನ ಮೌಲ್ಯದ ಶೇ. 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲ್ಪಟ್ಟರೆ ಶೇ. 75ರವರೆಗೆ ಸಾಲ ನೀಡಬಹುದು. ಇದನ್ನು ಕೇಳಿದವರು ಬಾಡಿಗೆ ಮನೆಗಳ ಸಾಲಿಗೂ ಇದೇ ಪ್ರಮಾಣದಲ್ಲಿ ಹಣ ದೊರೆಯುವುದೆಂದು ಭಾವಿಸುವುದುಂಟು. ಹಾಗೆ ಆಗುವುದಿಲ್ಲ.

ರಿಸರ್ವ್ ಬ್ಯಾಂಕು 2009ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸಾಲದ ಮರುಪಾವತಿಯು ಮುಖ್ಯವಾಗಿ ಆ ಸ್ವತ್ತಿನ ಬಾಡಿಗೆ ಅಥವಾ ಮಾರಾಟದ ಹಣವನ್ನೇ ಅವಲಂಬಿಸಿದ್ದರೆ ಅದನ್ನು 'ವಾಣಿಜ್ಯ ಸ್ಥಿರಾಸ್ತಿ ಸಾಲ' ಎಂದು ವರ್ಗೀಕರಿಸಲಾಗುತ್ತದೆ. ವ್ಯಕ್ತಿಯೊಬ್ಬರು ಕೊಳ್ಳುವ ಮೂರನೆಯ ಮನೆಯಿಂದ ಮುಂದಕ್ಕೆ ನೀಡುವ ಸಾಲವೂ ಇದೇ ವರ್ಗಕ್ಕೆ ಸೇರುತ್ತದೆ. ಕಂತುಗಳು ಸರಿಯಾಗಿ ಬರುತ್ತಿರುವ ಗೃಹಸಾಲಕ್ಕೆ ಬ್ಯಾಂಕು ಶೇ. 0.25ರಷ್ಟು ಮೊತ್ತವನ್ನು ಮುಂಜಾಗ್ರತೆಗಾಗಿ ತೆಗೆದಿರಿಸಿದರೆ, ವಾಣಿಜ್ಯ ಸ್ಥಿರಾಸ್ತಿ ಸಾಲಕ್ಕೆ ಶೇ. 1ರಷ್ಟನ್ನು ತೆಗೆದಿರಿಸಬೇಕು. ಬ್ಯಾಂಕಿಗೆ ವೆಚ್ಚ ಹೆಚ್ಚಾದಲ್ಲಿ ಅದು ಬಡ್ಡಿಯ ರೂಪದಲ್ಲಿ ಸಾಲಗಾರನ ಮೇಲೆಯೇ ಬೀಳುತ್ತದೆ. ಈ ಸಾಲಗಳ ಬಡ್ಡಿ ಹೆಚ್ಚು, ಅವಧಿ ಕಡಿಮೆ, ಸ್ವಂತ ಪಾಲು ಅಧಿಕ ಎಂಬುದಕ್ಕೆ ಕಾರಣ ಇದೇ.

ಇದೇ ಮಾರ್ಗಸೂಚಿಯಲ್ಲಿ ಒಂದು ವಿನಾಯಿತಿಯೂ ಇದೆ. ಮುಂದೆ ಬರಬೇಕಾದ ಬಾಡಿಗೆಯ ಆಧಾರದ ಮೇಲೆ ಸಾಲ ಪಡೆದಾಗ, ಬಾಡಿಗೆದಾರನು ಬಿಟ್ಟುಹೋಗಲಾಗದ ಅವಧಿಯು ಸಾಲದ ಅವಧಿಗಿಂತ ಕಡಿಮೆ ಇರದಿದ್ದರೆ, ಮತ್ತು ಆ ಅವಧಿಯಲ್ಲಿ ಬಾಡಿಗೆ ಇಳಿಸುವ ಷರತ್ತು ಕರಾರಿನಲ್ಲಿ ಇರದಿದ್ದರೆ, ಬ್ಯಾಂಕು ಆ ಸಾಲವನ್ನು ವಾಣಿಜ್ಯ ಸ್ಥಿರಾಸ್ತಿ ವರ್ಗದಿಂದ ಹೊರಗಿಡಬಹುದು. ಬ್ಯಾಂಕಿನ ಶಾಖೆಗೋ ದೊಡ್ಡ ಕಂಪನಿಯ ದಾಸ್ತಾನು ಮಳಿಗೆಗೋ ದೀರ್ಘಾವಧಿಗೆ ಕಟ್ಟಡ ಕೊಟ್ಟವರಿಗೆ ಈ ಅನುಕೂಲ ದೊರೆಯಬಹುದು. ಹನ್ನೊಂದು ತಿಂಗಳ ಕರಾರಿನ ಸಾಲುಮನೆಗಳಿಗೆ ದೊರೆಯದು.

ಒಂದು ಉದಾಹರಣೆ

ಲೆಕ್ಕ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಆರು ಸಾಲುಮನೆ, ಎರಡು ಮಳಿಗೆಗಳಿರುವ ಕಟ್ಟಡವೊಂದು 80 ಲಕ್ಷ ರೂ.ಗೆ ಮಾರಾಟಕ್ಕಿದೆ. ಪ್ರತಿಯೊಂದರ ಬಾಡಿಗೆ ತಿಂಗಳಿಗೆ 5,000 ರೂ.ನಂತೆ ಒಟ್ಟು 40,000 ರೂ. ಬರುತ್ತದೆ.

ಮೊದಲು ಖರೀದಿಯ ನಿಜವಾದ ವೆಚ್ಚ. ಮುದ್ರಾಂಕ ಶುಲ್ಕ ಶೇ. 5ರಂತೆ 4,00,000 ರೂ., ಅದರ ಮೇಲೆ ಶೇ. 10ರ ಉಪಕರ 40,000 ರೂ., ಗ್ರಾಮೀಣ ಪ್ರದೇಶದ ಶೇ. 3ರ ಸರ್‌ಚಾರ್ಜ್ 12,000 ರೂ. ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರವು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಿದೆ; ಅದು 1,60,000 ರೂ. ಇವೆಲ್ಲ ಸೇರಿ 6,12,000 ರೂ. ಅಂದರೆ ಕೈಯಿಂದ ಹೊರಡುವ ಹಣ 86.12 ಲಕ್ಷ ರೂ. ಈ ಶುಲ್ಕಗಳಿಗೆ ಸಾಮಾನ್ಯವಾಗಿ ಬ್ಯಾಂಕು ಸಾಲ ಕೊಡುವುದಿಲ್ಲ.

ಇನ್ನು ನಿಜವಾದ ಆದಾಯ. ವರ್ಷದ ಬಾಡಿಗೆ 4,80,000 ರೂ. ಒಂದಲ್ಲ ಒಂದು ಮನೆ ಖಾಲಿ ಬೀಳುವುದು ತಪ್ಪದು. ಅದಕ್ಕೆ ಒಂದು ತಿಂಗಳ ಬಾಡಿಗೆ 40,000 ರೂ. ಕಳೆಯೋಣ. ಕಂದಾಯ, ಸುಣ್ಣಬಣ್ಣ, ನೀರಿನ ಮೋಟಾರು ದುರಸ್ತಿ, ವಿಮೆ ಇತ್ಯಾದಿಗೆ 44,000 ರೂ. ಉಳಿಯುವುದು 3,96,000 ರೂ., ತಿಂಗಳಿಗೆ 33,000 ರೂ. ಹೂಡಿದ 86.12 ಲಕ್ಷಕ್ಕೆ ಇದು ಶೇ. 4.6ರ ಆದಾಯ.

ಸಾಲದ ಬಡ್ಡಿ ಶೇ. 10 ಎಂದಿಟ್ಟುಕೊಂಡರೆ, ಸಾಲ ತಂದ ಪ್ರತಿ ನೂರು ರೂಪಾಯಿಗೆ ವರ್ಷಕ್ಕೆ ಹತ್ತು ರೂ. ಬಡ್ಡಿ, ಆ ನೂರು ರೂಪಾಯಿ ಗಳಿಸಿ ಕೊಡುವ ಬಾಡಿಗೆ ನಾಲ್ಕು ರೂ. ಅರವತ್ತು ಪೈಸೆ. ಆದ್ದರಿಂದ ಸಾಲದ ಪ್ರಮಾಣ ಹೆಚ್ಚಿದಷ್ಟೂ ಆರಂಭದ ವರ್ಷಗಳ ಕೊರತೆ ಹೆಚ್ಚುತ್ತದೆ.

ಬೆಲೆಯ ಶೇ. 60ರಷ್ಟು, ಅಂದರೆ 48 ಲಕ್ಷ ರೂ. ಸಾಲವನ್ನು 15 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 51,600 ರೂ. ನಿವ್ವಳ ಬಾಡಿಗೆ 33,000 ರೂ. ಕೊರತೆ ತಿಂಗಳಿಗೆ 18,600 ರೂ., ವರ್ಷಕ್ಕೆ 2,23,200 ರೂ. ಬಾಡಿಗೆ ಪ್ರತಿವರ್ಷ ಶೇ. 5ರಂತೆ ಏರಿದರೂ ಅದು ಕಂತಿನ ಮಟ್ಟ ಮುಟ್ಟಲು ಹತ್ತು ವರ್ಷ ಬೇಕು. ಅಲ್ಲಿಯವರೆಗೆ ಕೊರತೆಯನ್ನು ತುಂಬುವುದು ಅಂಗಡಿಯ ಲಾಭವೇ.

ಹಾಗಾದರೆ ಈ ಕಟ್ಟಡ ಎಷ್ಟು ಸಾಲ ಹೊರಬಲ್ಲದು? ನಿವ್ವಳ ಬಾಡಿಗೆಯು ಕಂತಿನ ಒಂದೂಕಾಲು ಪಟ್ಟಾದರೂ ಇರಬೇಕೆಂಬುದು ಎಚ್ಚರಿಕೆಯ ಅಳತೆ. 33,000 ರೂ.ಗಳನ್ನು 1.25ರಿಂದ ಭಾಗಿಸಿದರೆ 26,400 ರೂ. ಶೇ. 10ರ ಬಡ್ಡಿಗೆ 15 ವರ್ಷದ ಅವಧಿಯಲ್ಲಿ ಪ್ರತಿ ಲಕ್ಷಕ್ಕೆ ಕಂತು 1,075 ರೂ. ಆದುದರಿಂದ ಹೊರಬಲ್ಲ ಸಾಲ ಸುಮಾರು 24.5 ಲಕ್ಷ ರೂ., ಬೆಲೆಯ ಶೇ. 31ಕ್ಕಿಂತಲೂ ಕಡಿಮೆ. ಉಳಿದ 61 ಲಕ್ಷಕ್ಕೂ ಮಿಕ್ಕ ಹಣ ಸ್ವಂತದ್ದಾಗಿರಬೇಕು. ಅಷ್ಟು ಹಣವಿಲ್ಲದಿದ್ದರೆ ಬೆಲೆಯಲ್ಲಿ ಚೌಕಾಸಿ ಮಾಡಬೇಕು, ಇಲ್ಲವೆ ಚಿಕ್ಕ ಸ್ವತ್ತನ್ನು ನೋಡಬೇಕು.

ಬಡ್ಡಿ ಏರಿದಾಗ, ಮಳಿಗೆ ಖಾಲಿ ಬಿದ್ದಾಗ

ಬದಲಾಗುವ ಬಡ್ಡಿಯ ಚಿಲ್ಲರೆ ಸಾಲಗಳನ್ನೂ ಅತಿಸಣ್ಣ, ಸಣ್ಣ ಉದ್ಯಮಗಳ ಸಾಲಗಳನ್ನೂ 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ರೆಪೊ ದರದಂತಹ ಬಾಹ್ಯ ಮಾನದಂಡಕ್ಕೆ ಜೋಡಿಸಿವೆ. ರೆಪೊ ದರವು 2022ರ ಮೇ ಆರಂಭದಲ್ಲಿ ಶೇ. 4 ಇದ್ದುದು 2023ರ ಫೆಬ್ರವರಿಯ ಹೊತ್ತಿಗೆ ಶೇ. 6.5 ಆಯಿತು. 2025ರಲ್ಲಿ ಹಂತಹಂತವಾಗಿ ಇಳಿದು ಡಿಸೆಂಬರಿನಲ್ಲಿ ಶೇ. 5.25ಕ್ಕೆ ಬಂದಿತು. ಒಂಬತ್ತು ತಿಂಗಳಲ್ಲಿ ಎರಡೂವರೆ ಅಂಶ ಏರಿದ ಆ ಅನುಭವವನ್ನೇ ಮುಂದಿನ ಪರೀಕ್ಷೆಗೆ ಅಳತೆಯಾಗಿ ಇಟ್ಟುಕೊಳ್ಳಬಹುದು. ಮೇಲಿನ ಉದಾಹರಣೆಯಲ್ಲಿ ಬಡ್ಡಿ ಶೇ. 12.5ಕ್ಕೆ ಏರಿದರೆ 24.5 ಲಕ್ಷದ ಸಾಲದ ಕಂತು ಸುಮಾರು 30,200 ರೂ. ಆಗುತ್ತದೆ, 33,000 ರೂ. ಬಾಡಿಗೆ ಅದನ್ನು ಇನ್ನೂ ಹೊರಬಲ್ಲದು. 48 ಲಕ್ಷದ ಸಾಲವಾದರೆ ಕಂತು 59,000 ರೂ. ದಾಟುತ್ತದೆ.

ಬಾಡಿಗೆಯ ಆದಾಯವೂ ಸ್ಥಿರವಲ್ಲ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬಳಿಕ, ಮದ್ದೂರು, ಮಂಡ್ಯ ಪಟ್ಟಣಗಳ ಒಳಗೆ ಹಾದುಹೋಗುತ್ತಿದ್ದ ದೂರದ ವಾಹನಗಳು ಬೈಪಾಸಿನಲ್ಲಿ ಸಾಗತೊಡಗಿದವು. ಹಳೆಯ ಹೆದ್ದಾರಿಯ ಬದಿಯ ಹೋಟೆಲು, ಅಂಗಡಿಗಳ ವ್ಯಾಪಾರಕ್ಕೆ ಬಿದ್ದ ಪೆಟ್ಟು ನಮ್ಮ ಸದಸ್ಯರಿಗೆ ತಿಳಿಯದ್ದಲ್ಲ. ವ್ಯಾಪಾರ ಕುಗ್ಗಿದ ಮಳಿಗೆಯಲ್ಲಿ ಬಾಡಿಗೆ ಏರಿಸುವ ಮಾತಿರಲಿ, ಇದ್ದ ಬಾಡಿಗೆಯನ್ನು ಉಳಿಸಿಕೊಳ್ಳುವುದೇ ಕಷ್ಟ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಷುಗರ್ ಕಾರ್ಖಾನೆಯೂ ಕೆಲವು ವರ್ಷ ಕಬ್ಬು ಅರೆಯುವುದನ್ನು ನಿಲ್ಲಿಸಿ 2022ರಲ್ಲಿ ಪುನರಾರಂಭಗೊಂಡಿತು. ಒಂದೇ ರಸ್ತೆ, ಒಂದೇ ಕಾರ್ಖಾನೆ, ಒಬ್ಬನೇ ಬಾಡಿಗೆದಾರನನ್ನು ನಂಬಿ ಎಲ್ಲ ಸ್ವತ್ತುಗಳನ್ನೂ ಕೊಳ್ಳುವುದರ ಅಪಾಯವನ್ನು ಇವು ತೋರಿಸಿಕೊಟ್ಟಿವೆ. ಸ್ವತ್ತುಗಳು ಐದಿದ್ದರೂ ಅವೆಲ್ಲದರ ಬಾಡಿಗೆ ಒಂದೇ ಮೂಲದಿಂದ ಬರುತ್ತಿದ್ದರೆ, ಅಪಾಯದ ದೃಷ್ಟಿಯಿಂದ ಅದು ಒಂದೇ ಸ್ವತ್ತು.

ಸ್ವಂತ ಪಾಲಿನ ಮೂಲ

ಸ್ವಂತ ಪಾಲು ಎಂದು ಬ್ಯಾಂಕಿಗೆ ತೋರಿಸುವ ಹಣ ನಿಜಕ್ಕೂ ಸ್ವಂತದ್ದೇ ಎಂಬುದನ್ನು ಪರೀಕ್ಷಿಸಿಕೊಳ್ಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಮೂರು ಮೂಲಗಳು ವಾಸ್ತವವಾಗಿ ಸಾಲಗಳೇ.

ಮೊದಲನೆಯದು ಕ್ಯಾಷ್ ಕ್ರೆಡಿಟ್ ಖಾತೆ. ಈ ಖಾತೆ ಸರಕು ಕೊಳ್ಳಲು, ಬಾಕಿ ಕೊಟ್ಟು ಕಾಯಲು ಇರುವ ದುಡಿಯುವ ಬಂಡವಾಳ. ಇದರಿಂದ ಹಣ ತೆಗೆದು ಕಟ್ಟಡಕ್ಕೆ ಹಾಕಿದರೆ ಬ್ಯಾಂಕು ಅದನ್ನು ನಿಧಿಯ ದುರ್ಬಳಕೆ ಎಂದು ಪರಿಗಣಿಸುತ್ತದೆ. ನಿಯಮದ ಮಾತು ಹಾಗಿರಲಿ, ಬೆಲ್ಲದ ವರ್ತಕನಿಗೆ ಆಲೆಮನೆಗಳಿಂದ ಮಾಲು ಬರುವ ಕಾಲದಲ್ಲಿ ಖಾತೆ ಬರಿದಾಗಿದ್ದರೆ, ಕಟ್ಟಡದ ಬಾಡಿಗೆ ಆ ವ್ಯಾಪಾರವನ್ನು ಮರಳಿ ತಂದುಕೊಡದು.

ಎರಡನೆಯದು ಚೀಟಿ. ಮೊದಲೇ ಚೀಟಿ ಎತ್ತಿ ಮುಂಗಡ ಕಟ್ಟಿದವರು ಉಳಿದ ತಿಂಗಳುಗಳ ಚೀಟಿ ಕಂತನ್ನೂ ಬ್ಯಾಂಕಿನ ಕಂತಿನ ಜೊತೆಗೇ ಕೂಡಿಸಿ ಲೆಕ್ಕ ಹಾಕಬೇಕು.

ಮೂರನೆಯದು ಭೋಗ್ಯ. ಬಾಡಿಗೆದಾರನಿಂದ ಒಟ್ಟು ಮೊತ್ತ ಪಡೆದು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಕ್ಕೆ ಬಿಟ್ಟು, ಅವಧಿ ಮುಗಿದಾಗ ಪೂರ್ಣ ಹಣ ಹಿಂದಿರುಗಿಸುವ ಈ ಪದ್ಧತಿ ನಮ್ಮ ರಾಜ್ಯದಲ್ಲಿ ವ್ಯಾಪಕವಾಗಿದೆ. ತಿಂಗಳಿಗೆ 5,000 ರೂ. ಬಾಡಿಗೆಯ ಮನೆಯನ್ನು 5 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ, ವರ್ಷಕ್ಕೆ 60,000 ರೂ. ಬಾಡಿಗೆ ಬಿಟ್ಟುಕೊಟ್ಟಂತೆ, ಅಂದರೆ ಶೇ. 12ರ ಬಡ್ಡಿಗೆ ಸಾಲ ಪಡೆದಂತೆ. ಆರೂ ಮನೆಗಳನ್ನು ಹೀಗೆ ಕೊಟ್ಟರೆ 30 ಲಕ್ಷ ರೂ. ಕೈಸೇರುತ್ತದೆ ನಿಜ, ಆದರೆ ಬ್ಯಾಂಕಿನ ಕಂತಿಗೆ ಬರಬೇಕಾದ ಮನೆಬಾಡಿಗೆ ನಿಂತುಹೋಗುತ್ತದೆ. ಇಬ್ಬರು ಮೂವರು ಒಟ್ಟಿಗೆ ಮನೆ ಬಿಟ್ಟರೆ ಹಣ ಹಿಂದಿರುಗಿಸಲು ಹೊಸ ಭೋಗ್ಯದಾರರನ್ನೇ ಹುಡುಕಬೇಕು. ಬ್ಯಾಂಕಿಗೆ ಅಡಮಾನವಾಗಿರುವ ಮನೆಯನ್ನು ಬ್ಯಾಂಕಿಗೂ ಭೋಗ್ಯದಾರನಿಗೂ ತಿಳಿಸದೆ ಭೋಗ್ಯಕ್ಕೆ ಕೊಡುವುದು ಬಡ ಕುಟುಂಬವೊಂದರ ಉಳಿತಾಯವನ್ನು ಅಪಾಯಕ್ಕೆ ಒಡ್ಡಿದಂತೆ. ಹರಾಜಿನ ದಿನ ಬಂದಾಗ ಆ ಕುಟುಂಬ ಬೀದಿಗೆ ಬರುತ್ತದೆ. ವರ್ತಕನ ಹೆಸರಿಗೂ ಇದು ಶೋಭೆಯಲ್ಲ.

ಸ್ಥಿರಾಸ್ತಿ ಮಾರಾಟದ ಮುಂಗಡವನ್ನಾಗಲಿ, ಸಾಲ ಅಥವಾ ಠೇವಣಿಯ ಹಣವನ್ನಾಗಲಿ 20,000 ರೂ. ಅಥವಾ ಅದಕ್ಕೂ ಹೆಚ್ಚು ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ ಎಂಬುದೂ ನೆನಪಿರಲಿ. ಪತ್ರದಲ್ಲಿ ಬೆಲೆ ಕಡಿಮೆ ತೋರಿಸಿದರೆ ಬ್ಯಾಂಕಿನ ಸಾಲವೂ ಆ ಬೆಲೆಗೆ ತಕ್ಕಂತೆ ಇಳಿಯುತ್ತದೆ.

ಒಂದರ ಮೇಲೊಂದು ಅಡಮಾನ

ಎರಡನೆಯ ಸ್ವತ್ತಿಗೆ ಮೊದಲನೆಯದನ್ನು, ಮೂರನೆಯದಕ್ಕೆ ಅಂಗಡಿಯನ್ನು ಆಧಾರ ಕೊಡುತ್ತ ಹೋದಾಗ ಎಲ್ಲ ಸ್ವತ್ತುಗಳೂ ಒಂದೇ ಸರಪಳಿಗೆ ಸೇರುತ್ತವೆ. ಕಂತು 90 ದಿನಗಳಿಗಿಂತ ಹೆಚ್ಚು ಬಾಕಿ ಉಳಿದರೆ ಖಾತೆ ಅನುತ್ಪಾದಕವೆಂದು ಘೋಷಿತವಾಗುತ್ತದೆ. ಇಲ್ಲಿ ಅನೇಕರಿಗೆ ತಿಳಿಯದ ಅಂಶವೆಂದರೆ, ಈ ವರ್ಗೀಕರಣವು ಖಾತೆವಾರು ಅಲ್ಲ, ಸಾಲಗಾರವಾರು. ಬಾಡಿಗೆ ಕಟ್ಟಡದ ಸಾಲ ಅನುತ್ಪಾದಕವಾದರೆ ಅದೇ ಬ್ಯಾಂಕಿನಲ್ಲಿರುವ ಅದೇ ಸಾಲಗಾರನ ಕ್ಯಾಷ್ ಕ್ರೆಡಿಟ್ ಖಾತೆಯೂ, ಅದು ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ, ಅನುತ್ಪಾದಕವಾಗುತ್ತದೆ. ಆನಂತರ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ನೀಡಿ ಅಡಮಾನದ ಸ್ವತ್ತನ್ನು ವಶಕ್ಕೆ ಪಡೆಯುವ ಅಧಿಕಾರ ಬ್ಯಾಂಕಿಗಿದೆ. ತಲೆಮಾರುಗಳಿಂದ ನಡೆದುಬಂದ ಅಂಗಡಿಯು ಸಾಲುಮನೆಯ ಸಾಲಕ್ಕಾಗಿ ಹೋಗಬಾರದು.

ಇದನ್ನು ತಪ್ಪಿಸಲು, ಪ್ರತಿಯೊಂದು ಸ್ವತ್ತಿಗೂ ಪ್ರತ್ಯೇಕ ಸಾಲ, ಪ್ರತ್ಯೇಕ ಅಡಮಾನವೇ ಇರುವಂತೆ ಆರಂಭದಲ್ಲೇ ಕೇಳಬೇಕು. ವ್ಯಾಪಾರದ ಖಾತೆಯಿರುವ ಬ್ಯಾಂಕನ್ನು ಬಿಟ್ಟು ಬೇರೊಂದು ಬ್ಯಾಂಕಿನಲ್ಲಿ ಬಾಡಿಗೆ ಸ್ವತ್ತಿನ ಸಾಲ ಪಡೆಯುವುದನ್ನೂ ಪರಿಶೀಲಿಸಬಹುದು. ಒಂದು ಸಾಲ ತೀರಿದೊಡನೆ ಆ ಸ್ವತ್ತಿನ ಮೂಲ ಪತ್ರಗಳನ್ನು ಹಿಂದಕ್ಕೆ ಪಡೆದು, ಕೇಂದ್ರೀಯ ಅಡಮಾನ ನೋಂದಣಿಯಾದ ಸರ್ಸಾಯ್‌ನಲ್ಲಿರುವ ನಮೂದನ್ನು ರದ್ದುಪಡಿಸಿಕೊಳ್ಳಬೇಕು.

ಕಾಗದಪತ್ರಗಳು ಮತ್ತು ಕರಾರು

ನಮ್ಮ ಹೋಬಳಿಯ ಹಳ್ಳಿಗಳ ಸುತ್ತ ಇರುವುದು ನೀರಾವರಿ ಕೃಷಿಭೂಮಿ. ಅದರ ಮೇಲೆ ಕಟ್ಟಿದ ಮನೆಗಳನ್ನು ಕೊಳ್ಳುವವರು ಕೆಳಗಿನ ಅಂಶಗಳನ್ನು ಸಾಲದ ಅರ್ಜಿಗೆ ಮುನ್ನವೇ ನೋಡಬೇಕು.

1. 1964ರ ಭೂಕಂದಾಯ ಕಾಯ್ದೆಯಡಿ ಕೃಷಿಯೇತರ ಬಳಕೆಗೆ ಭೂಪರಿವರ್ತನೆಯಾಗಿದೆಯೇ?

2. ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಎ ದೊರೆತಿವೆಯೇ, ಅಥವಾ ಇರುವುದು 11ಬಿ ಮಾತ್ರವೇ? 11ಬಿ ಸ್ವತ್ತುಗಳಿಗೆ ಬ್ಯಾಂಕಿನ ಸಾಲ ಸಿಗುವುದು ಕಷ್ಟ. ಮುಂದೆ ಮಾರುವಾಗಲೂ ಕೊಳ್ಳುವವನಿಗೆ ಅದೇ ತೊಡಕು.

3. ಭೂಮಿಯು ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದುದೇ? ಆಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಪರಭಾರೆ ಅಸಿಂಧು. 2023ರ ತಿದ್ದುಪಡಿಯ ನಂತರ ಕಾಲಮಿತಿಯ ನೆಪವೂ ನಿಲ್ಲದು.

4. ಮಾರುವವರು ಕ್ರಯಪತ್ರದ ಮೂಲಕ ಹಕ್ಕು ಪಡೆದವರೇ, ಅಥವಾ ಬರೀ ಜಿಪಿಎ ಉಳ್ಳವರೇ? ಜಿಪಿಎ ಮೂಲಕ ಒಡೆತನ ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸ್ಪಷ್ಟಪಡಿಸಿದೆ.

5. ಸ್ವತ್ತು ಕೈಗಾರಿಕಾ ಪ್ರದೇಶದ ಶೆಡ್ಡಾಗಿದ್ದರೆ, ಅಡಮಾನಕ್ಕೂ ಬಾಡಿಗೆಗೂ ಕೆಐಎಡಿಬಿಯ ಅನುಮತಿ ಇದೆಯೇ?

ಬಾಡಿಗೆ ಕರಾರಿನ ಬಗೆಗೂ ಒಂದು ಮಾತು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂಬ ಕಾರಣಕ್ಕೆ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿದೆ. ಇದರಿಂದ ನೋಂದಣಿಯ ಖರ್ಚು ಉಳಿಯುತ್ತದೆ. ಆದರೆ ಬಾಡಿಗೆಯ ಆಧಾರದ ಮೇಲೆ ಸಾಲ ಕೇಳುವಾಗ ಅಂಥ ಕರಾರಿಗೆ ಬೆಲೆ ಇರುವುದಿಲ್ಲ. ಮಳಿಗೆ, ಗೋದಾಮುಗಳ ಮಟ್ಟಿಗಾದರೂ ನೋಂದಾಯಿತ ದೀರ್ಘಾವಧಿ ಕರಾರು ಮಾಡಿಸಿ, ಬಾಡಿಗೆಯನ್ನು ಬ್ಯಾಂಕ್ ಖಾತೆಯ ಮೂಲಕವೇ ಪಡೆಯುವುದು ಲೇಸು. ನಗದಿನಲ್ಲಿ ಪಡೆದ ಬಾಡಿಗೆಯನ್ನು ಬ್ಯಾಂಕು ಆದಾಯವೆಂದು ನಂಬುವುದಿಲ್ಲ.

ತೆರಿಗೆಯ ಲೆಕ್ಕ

ಬಾಡಿಗೆಯಿಂದ, ಪಾವತಿಸಿದ ಸ್ಥಳೀಯ ಕಂದಾಯವನ್ನು ಕಳೆದು ಉಳಿದುದರಲ್ಲಿ ಶೇ. 30ನ್ನು ದುರಸ್ತಿ ಇತ್ಯಾದಿಗೆಂದು ಕಳೆಯಲು ಆದಾಯ ತೆರಿಗೆ ಕಾನೂನು ಅವಕಾಶ ಕೊಡುತ್ತದೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ಬಡ್ಡಿಯಿಂದಾಗಿ ನಷ್ಟ ಬಂದಲ್ಲಿ ಅದನ್ನು ವ್ಯಾಪಾರದ ಲಾಭದೊಡನೆ ಪೂರ್ತಿ ಹೊಂದಿಸಿಕೊಳ್ಳಬಹುದೆಂಬ ನಂಬಿಕೆ ಸರಿಯಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷ ರೂ.ವರೆಗೆ ಮಾತ್ರ ಇದಕ್ಕೆ ಅವಕಾಶ; ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಖರೀದಿ ಬೆಲೆ 50 ಲಕ್ಷ ರೂ. ಅಥವಾ ಅದಕ್ಕೂ ಹೆಚ್ಚಾದರೆ ಕೊಳ್ಳುವವರೇ ಶೇ. 1ರಷ್ಟನ್ನು ಮೂಲದಲ್ಲಿ ಕಡಿತಗೊಳಿಸಿ ಸರ್ಕಾರಕ್ಕೆ ಕಟ್ಟಬೇಕು.

ಮಳಿಗೆಯ ಬಾಡಿಗೆಗೆ ಶೇ. 18ರ ಜಿಎಸ್‌ಟಿ ಇದೆ. ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದ ಮಾಲೀಕರು ಇದಕ್ಕೆ ನೋಂದಾಯಿಸಬೇಕಿಲ್ಲ. ಆದರೆ ತಮ್ಮ ವ್ಯಾಪಾರಕ್ಕೆಂದು ಅದೇ ಪ್ಯಾನ್ ಸಂಖ್ಯೆಯಲ್ಲಿ ಈಗಾಗಲೇ ನೋಂದಾಯಿಸಿರುವ ವರ್ತಕರು, ಮಳಿಗೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ತೆರಿಗೆ ವಿಧಿಸಬೇಕಾಗುತ್ತದೆ. ನೋಂದಾಯಿಸದ ಮಾಲೀಕರಿಂದ ನೋಂದಾಯಿತ ವರ್ತಕರು ಮಳಿಗೆ ಬಾಡಿಗೆಗೆ ಪಡೆದರೆ 2024ರ ಅಕ್ಟೋಬರ್ 10ರಿಂದ ಬಾಡಿಗೆದಾರರೇ ತೆರಿಗೆ ಕಟ್ಟಬೇಕು. ಕಾಂಪೊಸಿಷನ್ ವರ್ತಕರಿಗೆ ಇದರಿಂದ ವಿನಾಯಿತಿಯಿದೆ. ಕುಟುಂಬಗಳ ವಾಸಕ್ಕೆ ಕೊಟ್ಟ ಮನೆಗೆ ತೆರಿಗೆಯಿಲ್ಲ. ಆದರೆ ನೋಂದಾಯಿತ ಕಾರ್ಖಾನೆಯೇ ತನ್ನ ಕಾರ್ಮಿಕರಿಗಾಗಿ ಮನೆಗಳನ್ನು ಬಾಡಿಗೆಗೆ ಹಿಡಿದರೆ 2022ರ ಜುಲೈ 18ರಿಂದ ಕಾರ್ಖಾನೆಯೇ ತೆರಿಗೆ ಪಾವತಿಸಬೇಕು.

ಸದಸ್ಯರಿಗೆ ಸಲಹೆ

ಮುಂಗಡ ಕೊಡುವ ಮುನ್ನ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯುವುದು ಒಳಿತು: ನೋಂದಣಿ ಖರ್ಚು ಸೇರಿದ ಒಟ್ಟು ಬೆಲೆ, ಖಾಲಿ ಅವಧಿ ಮತ್ತು ದುರಸ್ತಿ ಕಳೆದ ನಿವ್ವಳ ಬಾಡಿಗೆ, ಬಡ್ಡಿ ಎರಡೂವರೆ ಅಂಶ ಏರಿದಾಗಿನ ಕಂತು, ವ್ಯಾಪಾರದ ಹಣ ಮುಟ್ಟದೆ ಆರು ತಿಂಗಳ ಕಂತು ಕಟ್ಟಲು ಬೇಕಾದ ಮೀಸಲು. ಎರಡನೆಯ ಸಾಲಿನ ಮೊತ್ತ ಮೂರನೆಯದಕ್ಕಿಂತ ಕಡಿಮೆಯಿದ್ದರೆ, ಅಥವಾ ಮೀಸಲು ಇಲ್ಲದಿದ್ದರೆ, ಆ ಖರೀದಿಯನ್ನು ಮುಂದಕ್ಕೆ ಹಾಕುವುದೇ ಮೇಲು. ಒಂದು ಸ್ವತ್ತಿನ ಸಾಲ ಅರ್ಧದಷ್ಟಾದರೂ ತೀರಿದ ಬಳಿಕ ಮುಂದಿನದನ್ನು ನೋಡಿದರೆ ಬಾಡಿಗೆ ಸ್ವತ್ತುಗಳು ನಿಧಾನವಾಗಿಯಾದರೂ ಗಟ್ಟಿಯಾಗಿ ಬೆಳೆಯುತ್ತವೆ. ಸ್ವತ್ತಿನ ಬೆಲೆ ಏರುವುದೆಂಬ ಭರವಸೆಯನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಏರಿದರೆ ಅದು ಮಾರಿದ ದಿನ ಬರುವ ಲಾಭ. ಕಂತನ್ನಾದರೋ ಪ್ರತಿ ತಿಂಗಳೂ ಕಟ್ಟಲೇಬೇಕು.